ವೆನಿಸನ್ನು ಎತ್ತಿ ಹಿಡಿದವರು ಯಾರು?

ರೈಲು

ಪಡೋವಾದಿಂದ ವೆನಿಸ್‌ಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಮೆಸ್ತ್ರೆ ಸ್ಟೇಷನ್ ದಾಟುತ್ತಿದ್ದಂತೆ ನೆಲ ಮುಗಿದುಹೋಗುತ್ತದೆ. ಎರಡೂ ಕಡೆ ನೀರು, ನಡುವೆ ಹಳಿ. ಈ ರೈಲು ಸೇತುವೆ ಬಂದದ್ದು 1846ರಲ್ಲಿ, ಪಕ್ಕದ ರಸ್ತೆ ಸೇತುವೆ 1933ರಲ್ಲಿ. ಅದಕ್ಕೂ ಮುಂಚೆ ಸಾವಿರ ವರ್ಷ ಈ ಊರಿಗೆ ದೋಣಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಟ್ಟಿಗೆ, ಕಲ್ಲು, ಸುಣ್ಣ, ಸೌದೆ, ಧಾನ್ಯ ಎಲ್ಲವೂ ನೀರಿನ ಮೇಲೆಯೇ ಬರಬೇಕಿತ್ತು.

ನಾವು ನಾಲ್ವರು. ಧಾರವಾಡದ ಗೆಳೆಯ, ಮಂಗಳೂರಿನ ಗೆಳತಿ, ಪಡೋವಾದಲ್ಲೇ ಹುಟ್ಟಿ ಬೆಳೆದ ಸಹಪಾಠಿ ಮತ್ತು ನಾನು. ನಾಲ್ವರೂ ಪಡೋವಾದಲ್ಲಿ ಓದುತ್ತಿರುವುದು ನೀರಿನ ಎಂಜಿನಿಯರಿಂಗ್. ಹಾಗಾಗಿ ನೋಡಬೇಕಾದ ಜಾಗಗಳ ಪಟ್ಟಿಗಿಂತ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೇ ಉದ್ದವಾಯಿತು. ಎಲ್ಲದರ ತಳದಲ್ಲಿದ್ದದ್ದು ಒಂದೇ: ಇಷ್ಟು ಭಾರದ ಊರು ಇಷ್ಟು ಮೆತ್ತನೆಯ ಕೆಸರಿನ ಮೇಲೆ ಹೇಗೆ ನಿಂತಿದೆ?

ಕೈಗಾಡಿ

ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ಲೂ ಇಲ್ಲ. ಇದು ಗೊತ್ತಿದ್ದದ್ದೇ. ಆದರೆ ಹೋಟೆಲಿನ ಹಾಲು, ತರಕಾರಿ, ಅಡುಗೆಮನೆಯ ಫ್ರಿಜ್ಜು, ಮನೆ ಕಟ್ಟುವ ಮರಳು ಒಳಗಿನ ಓಣಿಗಳಿಗೆ ಹೇಗೆ ತಲುಪುತ್ತವೆ?

ಒಂದು ಚಿಕ್ಕ ಸೇತುವೆಯ ಬಳಿ ನಿಂತು ನೋಡಿದೆವು. ಕುಡಿಯುವ ನೀರಿನ ಬಾಟಲಿಗಳ ಪೆಟ್ಟಿಗೆಗಳನ್ನು ಎದೆಮಟ್ಟಕ್ಕೆ ಪೇರಿಸಿಕೊಂಡು ಒಬ್ಬ ಕೈಗಾಡಿ ತಳ್ಳುತ್ತ ಬಂದ. ಗಾಡಿಗೆ ಎರಡು ದೊಡ್ಡ ಗಾಲಿ. ಮುಂದಕ್ಕೆ ಚಾಚಿಕೊಂಡ ಎರಡು ಪುಟ್ಟ ಗಾಲಿ. ಮೆಟ್ಟಿಲಿಗೆ ಬಂದೊಡನೆ ಹಿಡಿಕೆಯನ್ನು ಸ್ವಲ್ಪ ಒತ್ತಿದ, ಪುಟ್ಟ ಗಾಲಿಗಳು ಮೇಲಿನ ಮೆಟ್ಟಿಲಿನ ಮೇಲೆ ಕೂತವು. ಹಿಡಿಕೆ ಎತ್ತಿ ತಳ್ಳಿದ, ದೊಡ್ಡ ಗಾಲಿ ಹತ್ತಿತು. ಮತ್ತೆ ಒತ್ತು, ಮತ್ತೆ ಎತ್ತು. ಇಳಿಯುವಾಗ ಗಾಡಿಯ ಭಾರವನ್ನೆಲ್ಲ ತೋಳಿನಲ್ಲಿ ತಡೆದು ಒಂದೊಂದೇ ಮೆಟ್ಟಿಲು ಇಳಿಸಿದ. ಊರಿನಲ್ಲಿ ಇಂಥ ಸೇತುವೆಗಳು ನಾನೂರಕ್ಕೂ ಹೆಚ್ಚು.

ಕಸದ ವ್ಯವಸ್ಥೆಯೂ ಹೀಗೆಯೇ. ಬೆಳಿಗ್ಗೆ ಪೌರಕಾರ್ಮಿಕರು ಮನೆಬಾಗಿಲಿಗೆ ಬಂದು ಕಸ ಪಡೆದು, ಗಾಡಿ ತುಂಬಿಸಿ ಕಾಲುವೆ ದಂಡೆಗೆ ತರುತ್ತಾರೆ. ಅಲ್ಲಿ ಕಾದಿರುವ ದೋಣಿಯ ಕ್ರೇನು ಗಾಡಿಯನ್ನೇ ಮೇಲಕ್ಕೆತ್ತಿ, ಅದರ ತಳ ತೆರೆದು, ಕಸ ಸುರಿಸಿಕೊಂಡು ಖಾಲಿ ಗಾಡಿಯನ್ನು ದಂಡೆಯ ಮೇಲಿಡುತ್ತದೆ. ಆಂಬುಲೆನ್ಸ್ ದೋಣಿ, ಅಗ್ನಿಶಾಮಕ ದೋಣಿ, ಕೊರಿಯರ್ ದೋಣಿ ಎಲ್ಲ ಉಂಟು. ಆದರೂ ಕಡೆಯ ನೂರು ಮೀಟರು ಯಾವಾಗಲೂ ಮನುಷ್ಯನ ತೋಳಿನ ಪಾಲಿಗೇ ಬರುತ್ತದೆ.

ಗೂಟ

ಊರಿನ ಮುಖ್ಯ ಕಾಲುವೆಯಾದ ಗ್ರ್ಯಾಂಡ್ ಕೆನಾಲಿನ ಮೇಲಿನ ರಿಯಾಲ್ಟೊ ಸೇತುವೆ 1591ರಲ್ಲಿ ಮುಗಿದದ್ದು. ಒಂದೇ ಕಮಾನು, ಮೇಲೆ ಅಂಗಡಿಸಾಲು. ಅದರ ಎರಡೂ ಬದಿಯ ತಳಪಾಯದಲ್ಲಿ ಸುಮಾರು 12,000 ಮರದ ಗೂಟಗಳಿವೆ. 1630ರ ಪ್ಲೇಗಿನ ನಂತರ ಹರಕೆ ತೀರಿಸಲು ಕಟ್ಟಿದ ಸಲೂತೆ ಚರ್ಚಿನ ಅಡಿಯಲ್ಲಿ ಹನ್ನೊಂದು ಲಕ್ಷ ಗೂಟಗಳಿವೆಯೆಂದು ಊರಿನ ಹಳೆಯ ಲೆಕ್ಕ ಹೇಳುತ್ತದೆ. ಕೆಸರಿನೊಳಗೆ ಒತ್ತೊತ್ತಾಗಿ ಗೂಟ ಹೊಡೆಯುವುದು, ಮೇಲೆ ಹಲಗೆ ಹಾಸುವುದು, ಅದರ ಮೇಲೆ ಇಸ್ತ್ರಿಯಾ ಎಂಬ ಪ್ರದೇಶದ ಬಿಳಿಕಲ್ಲು, ಆಮೇಲೆ ಇಟ್ಟಿಗೆ. ಇದೇ ಕ್ರಮ.

ಮರ ಕೊಳೆಯಲಿಲ್ಲವೇಕೆ? ನೀರಿನಡಿ ಕೆಸರಿನಲ್ಲಿ ಆಮ್ಲಜನಕವಿಲ್ಲ, ಮರ ತಿನ್ನುವ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ತರಗತಿಯಲ್ಲಿ ಇಷ್ಟನ್ನೇ ಬರೆದುಕೊಂಡಿದ್ದೆವು. ಸಹಪಾಠಿ ಇನ್ನೊಂದು ಮಾತು ಸೇರಿಸಿದಳು: ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಮರವನ್ನು ನಿಧಾನವಾಗಿ ತಿನ್ನುತ್ತಲೇ ಇವೆ, ಖಾಲಿಯಾದ ಜೀವಕೋಶಗಳೊಳಗೆ ನೀರು ತುಂಬಿಕೊಂಡು ಗೂಟದ ಆಕಾರ ಉಳಿಸಿದೆ, ಸುತ್ತಲ ಕೆಸರು ಅದನ್ನು ಅವುಚಿ ಹಿಡಿದಿದೆ. ಮರ, ನೀರು, ಕೆಸರು ಮೂರೂ ಸೇರಿ ಭಾರ ಹೊರುತ್ತಿವೆ. ಬಿಡಿಯಾಗಿ ನೋಡಿದರೆ ಮೂರೂ ದುರ್ಬಲ. ಇದನ್ನು ಲೆಕ್ಕಕ್ಕೆ ತರುವುದು ಹೇಗೆಂದು ಇನ್ನೂ ಯೋಚಿಸುತ್ತಿದ್ದೇನೆ.

ಬಾವಿ

ಬಹುತೇಕ ಚೌಕಗಳ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ. ಬಾಯಿಗೆ ಕಬ್ಬಿಣದ ಮುಚ್ಚಳ. ಮಂಗಳೂರಿನ ಗೆಳತಿಗೆ ಇದೇ ದೊಡ್ಡ ಒಗಟು: “ಅಲ್ಲ ಮಾರಾಯಾ, ಸುತ್ತ ಉಪ್ಪುನೀರು. ಇಲ್ಲಿ ಬಾವಿ ತೋಡಿದ್ರೆ ಸಿಹಿನೀರು ಸಿಕ್ಕೀತಾ?”

ಸಿಗುವುದಿಲ್ಲ. ಇದು ಅಂತರ್ಜಲದ ಬಾವಿಯೇ ಅಲ್ಲ. ಕಟ್ಟೆಯ ಸುತ್ತ ನೆಲ ನೋಡಿದರೆ ಗುಟ್ಟು ತಿಳಿಯುತ್ತದೆ. ಹಾಸುಗಲ್ಲುಗಳು ತುಸು ಇಳಿಜಾರಾಗಿವೆ. ತಗ್ಗಿನಲ್ಲಿ ತೂತಿರುವ ಬಿಳಿಕಲ್ಲು, ಸಾಮಾನ್ಯವಾಗಿ ನಾಲ್ಕು. ಚೌಕದ ಮೇಲೆ ಬಿದ್ದ ಮಳೆ ಆ ತೂತುಗಳಿಂದ ಕೆಳಗಿಳಿದು, ಮರಳಿನಲ್ಲಿ ಸೋಸಿ, ನಡುವಿನ ಇಟ್ಟಿಗೆಯ ಕೊಳವೆಗೆ ಸೇರುತ್ತಿತ್ತು. ಉಪ್ಪುನೀರು ಒಳನುಗ್ಗದಂತೆ ಇಡೀ ಗುಂಡಿಗೆ ಜೇಡಿಮಣ್ಣಿನ ಹೊದಿಕೆ. ಅಂದರೆ ನಾವು ನಿಂತಿದ್ದ ಚೌಕವೇ ಒಂದು ಶೋಧಕ. ಮಳೆ ಸಾಲದಿದ್ದರೆ ಬ್ರೆಂತಾ ನದಿಯ ನೀರನ್ನು ದೋಣಿಯಲ್ಲಿ ತರುತ್ತಿದ್ದರು. 1884ರಲ್ಲಿ ನಲ್ಲಿ ನೀರು ಬಂತು, ಬಾವಿಗಳಿಗೆ ಮುಚ್ಚಳ ಬಿತ್ತು.

ಚೌಕವನ್ನು ಚೊಕ್ಕಟವಾಗಿ ಇಟ್ಟುಕೊಂಡರೆ ಮಾತ್ರ ಕುಡಿಯುವ ನೀರು ಚೊಕ್ಕಟ. ಹೀಗಿದ್ದಾಗ ಕೇರಿಯ ಜನ ತಮ್ಮ ಅಂಗಳವನ್ನು ಹೇಗೆ ನೋಡಿಕೊಂಡಿರಬೇಕು!

ವಿಳಾಸ

ಊರನ್ನು ಆರು ಪಾಲು ಮಾಡಿದ್ದಾರೆ. ಮನೆ ನಂಬರು ಬೀದಿಗೊಂದು ಸರಣಿಯಲ್ಲ, ಇಡೀ ಪಾಲಿಗೆ ಒಂದೇ ಸರಣಿ. ಕಸ್ತೆಲ್ಲೊ ಎಂಬ ಪಾಲಿನಲ್ಲಿ ಅದು 6,000 ದಾಟುತ್ತದೆ. ವಿಳಾಸದಲ್ಲಿ ಪಾಲಿನ ಹೆಸರು, ನಂಬರು, ಅಷ್ಟೇ. 2,000ದ ಪಕ್ಕದ ಓಣಿಯಲ್ಲಿ 2,300 ಇರಬಹುದು. ಧಾರವಾಡದ ಗೆಳೆಯ ಫೋನು ಜೇಬಿಗಿಟ್ಟು, ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಅಜ್ಜಿಯೊಬ್ಬರನ್ನು ದಾರಿ ಕೇಳಿದ. ಅವರು ನಂಬರು ಕೇಳಲೇ ಇಲ್ಲ. ಯಾವ ಅಂಗಡಿ ಎಂದು ಕೇಳಿ, ತಾವೇ ಎರಡು ಸೇತುವೆ ದಾಟಿಸಿ ತೋರಿಸಿದರು. ಇದು ಗೊತ್ತಿದ್ದವರು ಇದ್ದರಷ್ಟೇ ನಡೆಯುವ ವ್ಯವಸ್ಥೆ.

ದೋಣಿ

ಸಾನ್ ತ್ರೊವಾಸೊದ ದೋಣಿಕಟ್ಟೆಯ ಎದುರು ದಂಡೆಯಿಂದ ನೋಡಿದ್ದು. ಬೋರಲು ಹಾಕಿದ ಗೊಂಡೋಲಾ, ಅದರ ಕಪ್ಪು ಹೊಟ್ಟೆ ಉಜ್ಜುತ್ತಿದ್ದ ಕೆಲಸಗಾರ. ಸುಮಾರು ಹನ್ನೊಂದು ಮೀಟರ್ ಉದ್ದ, ಎಂಟು ಜಾತಿಯ ಮರ, ಇನ್ನೂರ ಎಂಬತ್ತು ತುಂಡು.

ನೋಡುತ್ತಿದ್ದಂತೆ ಕಣ್ಣಿಗೆ ಬಿದ್ದದ್ದು: ದೋಣಿ ಸೊಟ್ಟ! ಎಡಮಗ್ಗುಲು ಬಲಮಗ್ಗುಲಿಗಿಂತ 24 ಸೆಂಟಿಮೀಟರ್ ಅಗಲ. ಅಂಬಿಗ ಹಿಂತುದಿಯಲ್ಲಿ ನಿಂತು ಬಲಗಡೆಗೆ ಒಂದೇ ಹುಟ್ಟು ಹಾಕುತ್ತಾನೆ. ದೋಣಿ ಸಮನಾಗಿದ್ದರೆ ಪ್ರತಿ ಹುಟ್ಟಿಗೂ ಎಡಕ್ಕೆ ತಿರುಗಬೇಕು. ಈ ಸೊಟ್ಟವೇ ಆ ತಿರುಗುವಿಕೆಯನ್ನು ತಡೆದು ದೋಣಿಯನ್ನು ನೆಟ್ಟಗೆ ಒಯ್ಯುತ್ತದೆ. ಸಮೀಕರಣ ಬರೆದವರಲ್ಲ, ತಲೆಮಾರುಗಳ ಕಾಲ ನೀರನ್ನು ನೋಡಿದವರು ಇದನ್ನು ಕಂಡುಕೊಂಡರು.

ನಾವು ಹತ್ತಿದ್ದು ಗ್ರ್ಯಾಂಡ್ ಕೆನಾಲಿನ ಒಂದು ದಂಡೆಯಿಂದ ಇನ್ನೊಂದಕ್ಕೆ ದಾಟಿಸುವ ದೋಣಿ. ತಲೆಗೆ ಎರಡು ಯೂರೋ. ಆ ಕಾಲುವೆಯ ಉದ್ದಕ್ಕೂ ಇರುವುದು ನಾಲ್ಕೇ ಸೇತುವೆ, ಹಾಗಾಗಿ ಅಂಬಿಗನಿಗೆ ಇನ್ನೂ ಕೆಲಸವಿದೆ.

ಗೋಪುರ

ಸಾನ್ ಮಾರ್ಕೊ ಚೌಕದ ಗಂಟೆಗೋಪುರದ ಮೇಲೆ 1609ರ ಆಗಸ್ಟ್‌ನಲ್ಲಿ ಗೆಲಿಲಿಯೊ ತನ್ನ ದೂರದರ್ಶಕವನ್ನು ವೆನಿಸ್‌ನ ಆಳುವವರಿಗೆ ತೋರಿಸಿದ. ಆಗ ಅವನು ನಾವೀಗ ಓದುತ್ತಿರುವ ಪಡೋವಾ ವಿಶ್ವವಿದ್ಯಾಲಯದಲ್ಲೇ ಮೇಷ್ಟರು. ಬರುವ ಹಡಗನ್ನು ಗಂಟೆಗಳ ಮೊದಲೇ ಕಾಣಬಹುದೆಂಬುದು ವ್ಯಾಪಾರಿ ಊರಿಗೆ ಸಣ್ಣ ಲಾಭವಲ್ಲ. ಅವನ ಸಂಬಳ ಏರಿತು.

ನಾವು ಹತ್ತಿದ ಗೋಪುರ ಅದಲ್ಲ. ಅದು 1902ರ ಜುಲೈ 14ರಂದು ಕುಸಿದುಬಿತ್ತು. ಮನುಷ್ಯರಾರೂ ಸಾಯಲಿಲ್ಲ. ಇದ್ದಲ್ಲೇ, ಇದ್ದಂತೆಯೇ ಕಟ್ಟಬೇಕೆಂದು ತೀರ್ಮಾನಿಸಿ, 1912ರಲ್ಲಿ ಮುಗಿಸಿದರು. ಹಾಗಾದರೆ ಇದು ಹಳೆಯದೋ ಹೊಸದೋ? ಮೊದಲು ಈ ಪ್ರಶ್ನೆ ಕಾಡಿತು. ಕೆಳಗೆ ಊರು ನೋಡುತ್ತ ನಿಂತಾಗ ಬೇರೆಯೇ ತೋರಿತು: ಇಲ್ಲಿ ಎಲ್ಲವೂ ಮತ್ತೆ ಮತ್ತೆ ಕಟ್ಟಿಸಿಕೊಂಡದ್ದೇ. ಹಳೆಯದಾಗಿ ಉಳಿದಿರುವುದು ದುರಸ್ತಿಯ ಅಭ್ಯಾಸ.

ನಕ್ಷೆ

ಮಾರ್ಚಿಯಾನಾ ಗ್ರಂಥಾಲಯದಲ್ಲಿ 1450ರ ಸುಮಾರಿಗೆ ಫ್ರಾ ಮೌರೊ ಎಂಬ ಸನ್ಯಾಸಿ ಮಾಡಿದ ಪ್ರಪಂಚದ ನಕ್ಷೆಯಿದೆ. ಎರಡು ಮೀಟರಿನಷ್ಟು ದೊಡ್ಡ ದುಂಡು ನಕ್ಷೆ. ದಕ್ಷಿಣ ಮೇಲೆ, ಉತ್ತರ ಕೆಳಗೆ. ಭಾರತ ಹುಡುಕಲು ಮನಸ್ಸನ್ನೇ ತಲೆಕೆಳಗು ಮಾಡಿಕೊಳ್ಳಬೇಕಾಯಿತು.

ವೆನಿಸನ್ನು ಸುತ್ತಿರುವ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾದಲ್ಲಿ ಹುಟ್ಟಿದ ವರ್ತಕ ನಿಕೊಲೊ ಕೋಂಟಿ 1420ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ. ಊರಿನ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದವನು ಅವನೇ. ಊರಿಗೆ ಮರಳಿದ ಮೇಲೆ ಅವನ ಕಥನವನ್ನು ಪೊಜ್ಜೊ ಬ್ರಾಚ್ಚೊಲಿನಿ ಎಂಬ ವಿದ್ವಾಂಸ ಬರೆದುಕೊಂಡ. ಕೋಂಟಿ ತಂದ ಸುದ್ದಿ ಈ ನಕ್ಷೆಗೂ ಸೇರಿದೆಯೆಂದು ಬಲ್ಲವರು ಹೇಳುತ್ತಾರೆ. ಧಾರವಾಡದ ಗೆಳೆಯ ಕೇಳಿದ: “ವಿಜಯನಗರದಾಗೂ ಕಾಲುವೆ ಇದ್ವು, ಕೆರಿ ಇದ್ವು. ಆ ಊರು ಹಾಳಾತು, ಇದು ಉಳೀತು. ಯಾಕ?” ಅದನ್ನು ಯುದ್ಧ ಹಾಳು ಮಾಡಿತು ಎಂದೆ. ಆದರೂ ವಿಜಯನಗರದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹಂಪಿಯ ಸುತ್ತಲ ಗದ್ದೆಗಳಿಗೆ ನೀರುಣಿಸುತ್ತಿವೆ. ರೈತ ಬಿಡದೆ ಹೂಳೆತ್ತಿದ ಕಡೆ ಕಾಲುವೆ ಉಳಿದಿದೆ. ಅರಮನೆ ಉಳಿಯಲಿಲ್ಲ.

ಉಬ್ಬರ

ಈ ಹಿನ್ನೀರು ತಾನಾಗಿ ಉಳಿದದ್ದಲ್ಲ. ನದಿಗಳು ತರುವ ಹೂಳು ಅದನ್ನು ಯಾವಾಗಲೋ ಬಯಲು ಮಾಡಿಬಿಡಬೇಕಿತ್ತು. 1501ರಲ್ಲಿ ವೆನಿಸ್ ಗಣರಾಜ್ಯ ನೀರಿಗೆಂದೇ ಒಂದು ಅಧಿಕಾರಿ ಮಂಡಳಿ ನೇಮಿಸಿತು. ಬ್ರೆಂತಾ, ಸೀಲೆ, ಪಿಯಾವೆ ನದಿಗಳ ಬಾಯಿಯನ್ನು ಹಿನ್ನೀರಿನಿಂದ ಆಚೆಗೆ ತಿರುಗಿಸಿದರು. ಆಗ ಹೆದರಿಕೆ ನೆಲದ್ದು. ಈಗ ಸಮುದ್ರದ್ದು. ಕಾರ್ಖಾನೆಗಳಿಗೆಂದು ಅಂತರ್ಜಲ ಎಳೆದದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ನೆಲ ಕುಸಿಯಿತು, ಜೊತೆಗೆ ಕಡಲು ಏರುತ್ತಿದೆ. ಎರಡೂ ಸೇರಿ 1897ರ ಸರಾಸರಿ ಮಟ್ಟದ ಗುರುತಿಗಿಂತ ನೀರು ಈಗ ಸುಮಾರು ಒಂದಡಿ ಮೇಲಿದೆ.

ಒಂದಡಿ ಏನು ಮಾಡುತ್ತದೆ? ಕಾಲುವೆ ಬದಿಯ ಒಂದು ಮನೆಯಲ್ಲಿ ಕಂಡೆವು. ಕೆಳಗೆ ನೀರು ಹೀರದ ಬಿಳಿಕಲ್ಲಿನ ಸಾಲು; ಪಾಚಿಯ ಹಸಿರು ಗೆರೆ ಅದನ್ನು ದಾಟಿ ಇಟ್ಟಿಗೆಯನ್ನು ಮುಟ್ಟಿದೆ. ಇಟ್ಟಿಗೆ ಉಪ್ಪುನೀರು ಹೀರಿ, ಒಣಗಿ, ಪುಡಿಯಾಗಿ ಉದುರುತ್ತಿದೆ. ಬೆರಳು ತಾಗಿಸಿದರೆ ಕೆಂಪು ಪುಡಿ.

1966ರ ನವೆಂಬರ್ 4ರಂದು ನೀರು ಆ 1897ರ ಗುರುತಿಗಿಂತ 194 ಸೆಂಟಿಮೀಟರ್ ಏರಿತ್ತು; 2019ರ ನವೆಂಬರ್ 12ರಂದು 187. ಇಂಥ ಉಬ್ಬರಗಳಿಗೆ ಉತ್ತರವಾಗಿ ಬಂದದ್ದು ಮೋಸೆ: ಮೂರು ಅಳಿವೆಗಳ ತಳದಲ್ಲಿ ಮಲಗಿರುವ 78 ಉಕ್ಕಿನ ಗೇಟು. ಒಳಗೆ ಗಾಳಿ ತುಂಬಿದಾಗ ನೀರು ಹೊರಹೋಗಿ ಗೇಟು ಎದ್ದು ನಿಲ್ಲುತ್ತದೆ. ಕಾಮಗಾರಿ ಶುರುವಾದದ್ದು 2003ರಲ್ಲಿ, ನಡುವೆ 2014ರಲ್ಲಿ ದೊಡ್ಡ ಲಂಚದ ಹಗರಣ, ಮೊದಲ ಬಾರಿ ಉಬ್ಬರ ತಡೆದದ್ದು 2020ರ ಅಕ್ಟೋಬರ್ 3ರಂದು. ಅಂದು ಸಾನ್ ಮಾರ್ಕೊ ಚೌಕ ಒಣಗಿಯೇ ಇತ್ತು. ಕಡಲು ಇನ್ನೂ ಏರಿದರೆ ಗೇಟನ್ನು ಪದೇ ಪದೇ ಮುಚ್ಚಬೇಕು. ಆಗ ಹಿನ್ನೀರಿಗೆ ಹೊಸ ನೀರು ಬರುವುದು ಹೇಗೆ, ಬಂದರಿನ ಹಡಗುಗಳ ಗತಿಯೇನು? ಇಲ್ಲಿಗೆ ಬಂದಾಗ ನಾಲ್ವರೂ ಸುಮ್ಮನಾದೆವು.

ಅಂಕಿ

ರಿಯಾಲ್ಟೊ ಹತ್ತಿರದ ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಒಂದು ಫಲಕವಿದೆ. ಅದರಲ್ಲಿ ಒಂದೇ ಅಂಕಿ: ಐತಿಹಾಸಿಕ ವೆನಿಸ್‌ನಲ್ಲಿ ಇಂದು ಎಷ್ಟು ನಿವಾಸಿಗಳಿದ್ದಾರೆ. 1951ರಲ್ಲಿ ಸುಮಾರು 1,75,000 ಮಂದಿ ಇದ್ದರು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ಮರುವರ್ಷ ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನೇ ದಾಟಿತೆಂದು ಊರಿನ ನಾಗರಿಕರ ಗುಂಪೊಂದು ಲೆಕ್ಕ ಕೊಟ್ಟಿತು. 2024ರ ಏಪ್ರಿಲ್‌ನಿಂದ ಜನ ಕಿಕ್ಕಿರಿಯುವ ದಿನಗಳಲ್ಲಿ ಬಂದುಹೋಗುವವರಿಗೆ ಐದು ಯೂರೋ ಪ್ರವೇಶ ಶುಲ್ಕ ಶುರುವಾಯಿತು. ವೆನೆಟೊ ಪ್ರಾಂತ್ಯದ ನಿವಾಸಿಗಳಿಗೆ ವಿನಾಯಿತಿ, ಹಾಗಾಗಿ ನಮಗೂ. ಶುಲ್ಕದಿಂದ ಹಣ ಬರುತ್ತದೆ, ನಿವಾಸಿ ಮರಳುತ್ತಾನೆಯೇ?

ಕೈಗಾಡಿ ತಳ್ಳುವವರಲ್ಲಿ, ಹೋಟೆಲಿನಲ್ಲಿ ದುಡಿಯುವವರಲ್ಲಿ ಬಹಳ ಮಂದಿ ನಾವು ಬಂದ ಸೇತುವೆ ದಾಟಿ ಮೆಸ್ತ್ರೆ ಕಡೆಯಿಂದ ಬರುತ್ತಾರೆ ಎಂದಳು ಸಹಪಾಠಿ. ಅವಳ ಅಜ್ಜಿಯೂ ವೆನಿಸ್‌ನವರೇ. ಮನೆ ಬಾಡಿಗೆ ಕೈಗೆಟುಕದೆ ಪಡೋವಾಕ್ಕೆ ಬಂದವರು.

ಅಡಿಯ ಗೂಟ, ಚೌಕದ ಬಾವಿ, ಸೊಟ್ಟ ದೋಣಿ, ಅಳಿವೆಯ ಗೇಟು: ಯಾವುದನ್ನು ಕೆದಕಿದರೂ ಕಡೆಗೆ ಸಿಗುವುದು ಅಲ್ಲೇ ಇದ್ದು, ದಿನವೂ ನೋಡಿಕೊಂಡವರ ಕೈ. ಆ ಕೈಗಳಿಗೆ ಊರಿನಲ್ಲಿ ಮನೆ ಸಿಗದಿದ್ದರೆ 78 ಗೇಟುಗಳು ಯಾರಿಗಾಗಿ ಏಳಬೇಕು? ನನ್ನ ಅಭಿಪ್ರಾಯ ಇಷ್ಟು: ಉಬ್ಬರ ತಡೆಯಲು ಖರ್ಚು ಮಾಡುವ ಸರಕಾರ, ಬಡಗಿಗೆ, ಅಂಬಿಗನಿಗೆ, ದಾದಿಗೆ, ಓದುವ ಹುಡುಗರಿಗೆ ಕೈಗೆಟುಕುವ ಬಾಡಿಗೆಯ ಮನೆಯನ್ನೂ ಅಷ್ಟೇ ತುರ್ತಿನ ಕಾಮಗಾರಿ ಎಂದು ತಿಳಿಯಬೇಕು. ಗೇಟು ಎತ್ತುವ ಲೆಕ್ಕವನ್ನು ನಮ್ಮ ವಿಭಾಗದಲ್ಲಿ ಕಲಿಸುತ್ತಾರೆ. ಮನೆಯ ಲೆಕ್ಕ ಕಲಿಸುವ ವಿಭಾಗ ಯಾವುದಿದೆಯೋ, ಮುಂದಿನ ಸೆಮಿಸ್ಟರಿನಲ್ಲಿ ಅಲ್ಲೂ ಒಂದು ವಿಷಯ ತೆಗೆದುಕೊಳ್ಳಬೇಕೆಂದು ನಾಲ್ವರೂ ಮಾತಾಡಿಕೊಂಡಿದ್ದೇವೆ.