ನೂರು ಕೋಟಿಯ ದಿನ, ಕಿಕ್ಕೇರಿಯಲ್ಲಿ

2021ರ ಅಕ್ಟೋಬರ್ 21, ಗುರುವಾರ. ಕೆ.ಆರ್. ಪೇಟೆಯಿಂದ ಬಂದ ಬಸ್ಸು ನಿಮ್ಮನ್ನು ಕಿಕ್ಕೇರಿಯಲ್ಲಿ ಇಳಿಸಿ ಶ್ರವಣಬೆಳಗೊಳದ ಕಡೆಗೆ ಹೊರಟಿದೆ. ಟೀ ಅಂಗಡಿಯ ಟೀವಿಯಲ್ಲಿ ಬೆಳಗಿನಿಂದ ಒಂದೇ ಸುದ್ದಿ. ಜನವರಿ 16ರಂದು ಶುರುವಾದ ಕೋವಿಡ್ ಲಸಿಕೆ ಇವತ್ತು ದೇಶದಲ್ಲಿ ನೂರು ಕೋಟಿ ಡೋಸ್ ದಾಟಿದೆ. ಆ ಅಂಕಿ ಬಂದದ್ದು ಕೋವಿನ್ ಎಂಬ ತಂತ್ರಾಂಶದಿಂದ. ಆ ಅಂಕಿ ಹುಟ್ಟುವ ಜಾಗ ನೋಡಬೇಕೆಂದರೆ ಸರ್ಕಾರಿ ಆಸ್ಪತ್ರೆಯ ಒಳಗೆ ಬನ್ನಿ.

ಬೆಂಚಿನ ಮೇಲೆ ಆರೇಳು ಜನ, ಕೈಯಲ್ಲಿ ಆಧಾರ್ ಕಾರ್ಡು. ನರ್ಸಮ್ಮ ಇನ್ನೂ ಸೀಸೆ ತೆರೆದಿಲ್ಲ. ಒಂದು ಕೋವಿಶೀಲ್ಡ್ ಸೀಸೆಯಲ್ಲಿ ಹತ್ತು ಡೋಸ್. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಇನ್ನಷ್ಟು ಜನ ಬರಲಿ ಎಂದು ಕಾಯುತ್ತಿದ್ದಾರೆ. ಎರಡರಿಂದ ಎಂಟು ಡಿಗ್ರಿಯಲ್ಲಿ ಇಟ್ಟ ಲಸಿಕೆಯ ದಾಸ್ತಾನಿಗೂ ಇ-ವಿನ್ ಎಂಬ ಬೇರೆ ಡಿಜಿಟಲ್ ಲೆಕ್ಕವಿದೆ.

ಕಂಪ್ಯೂಟರ್ ಮುಂದೆ ಕೂತ ಹುಡುಗಿ ಒಬ್ಬ ಅಜ್ಜಿಯನ್ನು ಕೇಳುತ್ತಾಳೆ. "ಅಜ್ಜಿ, ಮೊದಲ್ನೇ ಸಲ ಯಾವ ಫೋನ್ ನಂಬರ್ ಕೊಟ್ಟಿದ್ರಿ?"

"ನಮ್ಮ ಹೈದಂದು ಕಣವ್ವ. ಬೆಂಗಳೂರಲ್ಲವ್ನೆ. ಈಗ ನಂಬರ್ ಬದ್ಲಾಯಿಸವ್ನಂತೆ."

ಕೋವಿನ್‌ನಲ್ಲಿ ಹೊಸ ನಂಬರಿನಡಿ ಅಜ್ಜಿಯ ಹೆಸರಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಹೊಸದಾಗಿ ನೋಂದಾಯಿಸಿದರೆ ಸೂಜಿ ಬೀಳುತ್ತದೆ, ಸಾಲೂ ಮುಂದೆ ಹೋಗುತ್ತದೆ. ಆದರೆ ಕೋವಿನ್ ಲೆಕ್ಕದಲ್ಲಿ ಒಬ್ಬ ಅಜ್ಜಿ ಇಬ್ಬರಾಗುತ್ತಾರೆ: ಇಬ್ಬರಿಗೂ ಮೊದಲ ಡೋಸ್ ಮಾತ್ರ, ಇಬ್ಬರೂ ಎರಡನೆಯದಕ್ಕೆ ಬಾಕಿ. ಇಂಥವು ದೇಶದ ತುಂಬ ನಡೆದವು. ಒಬ್ಬರಿಗೇ ಬಂದ ಎರಡು ಮೊದಲ ಡೋಸ್ ಪ್ರಮಾಣಪತ್ರಗಳನ್ನು ಕೂಡಿಸಲೆಂದೇ ಕೋವಿನ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ಮಾಡಬೇಕಾಯಿತು.

ಬಾಗಿಲ ಬಳಿ ನಿಂತಿದ್ದ ಆಶಾ ಕಾರ್ಯಕರ್ತೆ ಚೀಲದಿಂದ ಪುಸ್ತಕ ತೆಗೆಯುತ್ತಾರೆ. ಮನೆಮನೆ ಸುತ್ತಿ ಬರೆದದ್ದು. ಅಂಚುಗಳು ಮಳೆಗೆ ಉಬ್ಬಿವೆ. "ಹಳೇ ನಂಬರ್ ನನ್ ಪುಸ್ತಕದಲ್ಲದೆ, ಬರ್ಕೊಳವ್ವ." ಹುಡುಗಿ ಒತ್ತುತ್ತಾಳೆ. ಅಜ್ಜಿಯ ಹೆಸರು ತೆರೆದುಕೊಳ್ಳುತ್ತದೆ: ಮೊದಲ ಡೋಸ್ ಜುಲೈ ಮೊದಲ ವಾರ. ಕೋವಿಶೀಲ್ಡ್‌ಗೆ ಬೇಕಾದ 84 ದಿನದ ಅಂತರ ಯಾವಾಗಲೋ ಮುಗಿದಿದೆ. ನರ್ಸಮ್ಮ ಸೀಸೆ ತೆರೆಯುತ್ತಾರೆ.

ಟೀವಿಯ ನೂರು ಕೋಟಿಯನ್ನು ಈಗ ಮತ್ತೆ ಓದಿ. ಅದು ಡೋಸ್‌ಗಳ ಎಣಿಕೆ. ದೇಶದ ವಯಸ್ಕರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಆ ಹೊತ್ತಿಗೆ ಒಂದು ಡೋಸ್ ಆಗಿತ್ತು; ಎರಡೂ ಆದವರು ಮೂರನೇ ಒಂದು ಪಾಲೂ ಇರಲಿಲ್ಲ. ಅಭಿಯಾನ ಎಷ್ಟು ಗೆದ್ದಿತು ಎಂದು ಅಳೆಯಬೇಕಾದದ್ದು ಈ ಎರಡರ ನಡುವಿನ ಅಂತರದಲ್ಲಿ. ಆ ಅಂತರದಲ್ಲಿ ನಿಜವಾಗಿ ಬಾರದವರು ಯಾರು, ನಂಬರ್ ತಪ್ಪಿದವರು ಯಾರು ಎಂದು ಕೋವಿನ್ ಒಂದೇ ಹೇಳಲಾರದು. ಆಶಾ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ತಾಳೆ ನೋಡಿದರೆ ಗೊತ್ತಾಗುತ್ತದೆ. ಇದನ್ನು ಮೌಲ್ಯಮಾಪನದ ಬುಡದ ಕೆಲಸ ಎಂದೇ ನಾನು ತಿಳಿದಿದ್ದೇನೆ. ಮುಂದಿನ ತಿಂಗಳು ಕೇಂದ್ರ ಸರ್ಕಾರ 'ಹರ್ ಘರ್ ದಸ್ತಕ್' ಎಂದು ಮನೆಬಾಗಿಲಿಗೆ ಹೊರಟಾಗ ಆಸರೆಯಾದದ್ದೂ ಈ ಆಶಾ ಹೆಣ್ಣುಮಕ್ಕಳೇ.

ಈಗ ಮಕ್ಕಳ, ಗರ್ಭಿಣಿಯರ ಲಸಿಕೆಯ ಲೆಕ್ಕ ಯು-ವಿನ್ ಎಂಬ ತಂತ್ರಾಂಶಕ್ಕೆ ಬಂದಿದೆ. ಅಲ್ಲೂ ಎಲ್ಲ ನಿಂತಿರುವುದು ನೀವು ಕೊಡುವ ನಂಬರಿನ ಮೇಲೆ. ಫೋನ್ ಬದಲಾಗಿದ್ದರೆ, ಆಶಾ ಮುಂದಿನ ಸಲ ಮನೆಗೆ ಬಂದಾಗ ಮೊದಲು ಅದನ್ನು ಹೇಳಿ ಬರೆಸಿ.