ಹಳೆಯ ಗಣಕಯಂತ್ರವೂ ತೆರೆಯದ ಓಲೆಗಳೂ

ಸ್ಮರಣ ಸಂಚಿಕೆಗೆ ನಿವೃತ್ತ ಮುಖ್ಯೋಪಾಧ್ಯಾಯನಾದವನು ಶಾಲೆಯ ಇತಿಹಾಸವನ್ನು ಬರೆಯುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಸಮರ್ಥರಾದ ಮಿತ್ರರು ಇದೇ ಸಂಚಿಕೆಯಲ್ಲಿ ನೆರವೇರಿಸಿರುವುದರಿಂದ, ಇದರ ಲೇಖನಗಳು ನಮ್ಮ ಕೈಸೇರಿದ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯಲು ಸಂಪಾದಕ ಸಮಿತಿಯ ಅನುಮತಿಯನ್ನು ಪಡೆದಿದ್ದೇನೆ. ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಹಳೆಯ ಯಂತ್ರವನ್ನು ಎದುರಿಗಿಟ್ಟುಕೊಂಡು ಪರದಾಡುವ ನನ್ನ ವಯಸ್ಸಿನವರು ಈ ಕಾಸರಗೋಡಿನ ನೆಲದಲ್ಲಿ ಹಲವರಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಇದು ಉಪಯೋಗಕ್ಕೆ ಬಂದರೆ ಸಂತೋಷ.

ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕ ತರಬೇತಿ ಪಡೆದು ಈ ಶಾಲೆಗೆ ಸೇರಿದವನು. ಗಣಕಯಂತ್ರವು ನನ್ನ ಮನೆಗೆ ಬಂದದ್ದು ನಿವೃತ್ತಿಯ ಬಳಿಕ, 2010ರಲ್ಲಿ. ಮಗನು ಕೊಂಡು ತಂದ ಆ ಯಂತ್ರದಲ್ಲಿ ವಿಂಡೋಸ್ 7 ಇತ್ತು; ಎರಡು ಜಿಬಿ ಸ್ಮರಣಶಕ್ತಿ. ಅದರಲ್ಲಿಯೇ ಕನ್ನಡ ಬೆರಳಚ್ಚು ಕಲಿತೆ, ಮಿಂಚಂಚೆ ಕಲಿತೆ. ಕಿಸೆಯಲ್ಲಿರುವುದು ಗುಂಡಿಯೊತ್ತುವ ಫೋನು. ಮಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಹಳೆ ವಿದ್ಯಾರ್ಥಿಗಳು ತಮ್ಮ ಲೇಖನಗಳನ್ನು ನನ್ನ ಮಿಂಚಂಚೆಗೆ ಕಳುಹಿಸಬೇಕೆಂದು ಸಮಿತಿಯು ತೀರ್ಮಾನಿಸಿತು. ಅವರ ಕನ್ನಡವನ್ನು ತಿದ್ದುವ ಹಕ್ಕು ನನಗೆ ಇನ್ನೂ ಇದೆಯೆಂದು ಎಲ್ಲರೂ ನಂಬಿರುವುದೇ ಇದಕ್ಕೆ ಕಾರಣ!

ತುಲಾಮಾಸದ ಗುಡುಗು ಸಿಡಿಲು ಆರಂಭವಾದೊಡನೆ ಯಂತ್ರದ ಪ್ಲಗ್ಗನ್ನು ಕಿತ್ತಿಡುವುದು ನಮ್ಮ ಕಡೆಯ ರೂಢಿ. ಮೂರು ವಾರಗಳ ಬಳಿಕ ಮತ್ತೆ ಜೋಡಿಸಿದಾಗ ಅಂಚೆಪೆಟ್ಟಿಗೆಯ ಬದಲು, ಈ ಸಂಪರ್ಕವನ್ನು ನಂಬಲಾಗದು ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಪರದೆಯ ಮೇಲೆ ಮೂಡಿತು. ಮುದ್ರಣಾಲಯಕ್ಕೆ ಕೊಡಬೇಕಾದ ಗಡುವಿಗೆ ಹದಿನೈದು ದಿನ ಉಳಿದಿತ್ತು. ಮೊದಲ ತಂಡದ ಹಳೆ ವಿದ್ಯಾರ್ಥಿಯೊಬ್ಬನು, ಮುಳಿಹುಲ್ಲಿನ ಮಾಡಿನ ಎದುರು 1975ರಲ್ಲಿ ತೆಗೆದ ಏಕೈಕ ಸಮೂಹಚಿತ್ರವನ್ನು ಕಳುಹಿಸಿರುವುದಾಗಿ ಫೋನಿನಲ್ಲಿ ತಿಳಿಸಿದ್ದನು. ಶಾಲೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದು ಎಷ್ಟೋ ವರ್ಷಗಳಾಗಿವೆ. ಆ ಚಿತ್ರವಿಲ್ಲದೆ ಸುವರ್ಣ ಸಂಚಿಕೆಯೇ?

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಯಂತ್ರವನ್ನು ನೋಡುವ ಮೊದಲೇ “ಇದನ್ನು ಗುಜರಿಗೆ ಹಾಕಿ, ಹೊಸತು ತೆಗೆದುಕೊಳ್ಳಿ” ಎಂಬ ಉತ್ತರ ಬಂತು. ರೋಗಿಯ ನಾಡಿಯನ್ನು ಮುಟ್ಟದೆ ಮರಣಪತ್ರ ಬರೆಯುವ ವೈದ್ಯವನ್ನು ನಾನು ಒಪ್ಪುವವನಲ್ಲ. ಅಕ್ಷಯ ಕೇಂದ್ರಕ್ಕೆ ಹೋಗಿ ತೆರೆಯಬಹುದಿತ್ತು. ಆದರೆ ಪ್ರತಿಯೊಂದು ಲೇಖನವನ್ನೂ ಓದಿ, ತಿದ್ದಿ, ಉತ್ತರಿಸಬೇಕಾದವನು ದಿನವೂ ಎರಡು ಬಸ್ಸು ಹತ್ತಿಳಿಯುವುದೆಂತು?

ರೋಗನಿದಾನ ಮಾಡಿದವಳು ನೆರೆಮನೆಯ ಬಾಲಕಿ. ನಮ್ಮಲ್ಲಿ ಏಳನೆಯ ತರಗತಿಯವರೆಗೆ ಕಲಿತು, ಈಗ ಪ್ರೌಢಶಾಲೆಯಲ್ಲಿ ‘ಲಿಟಲ್ ಕೈಟ್ಸ್’ ಸಂಘದ ಸದಸ್ಯೆ. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನದ ಮಕ್ಕಳ ಸಂಘವದು. ಆಕೆ ಕೀಲಿಮಣೆಯನ್ನು ಮುಟ್ಟಲಿಲ್ಲ. ಪರದೆಯ ಕೆಳಮೂಲೆಯನ್ನು ಬೆರಳಿನಿಂದ ತೋರಿಸಿ, “ಮಾಸ್ಟ್ರಜ್ಜ, ಇಲ್ಲಿ ನೋಡಿ, 2009ರ ಜನವರಿ ಒಂದು ಅಂತ ಉಂಟು” ಎಂದಳು.

ಗಣಕಯಂತ್ರದೊಳಗಿನ ಗಡಿಯಾರವು ಪ್ಲಗ್ಗನ್ನು ಕಿತ್ತಾಗಲೂ ನಡೆಯುವುದು ಮೂರು ವೋಲ್ಟಿನ ಒಂದು ಪುಟ್ಟ ಬಿಲ್ಲೆಯಿಂದ. ಸಿಆರ್ 2032 ಎಂದು ಅದರ ಬೆನ್ನಿನಲ್ಲಿ ಬರೆದಿರುತ್ತದೆ. ಹೊರಗಿನ ವಿದ್ಯುತ್ತು ಇರುವಷ್ಟು ಕಾಲ ಬಿಲ್ಲೆಗೆ ಹೆಚ್ಚು ದುಡಿಮೆಯಿಲ್ಲ; ಪ್ಲಗ್ಗನ್ನು ಕಿತ್ತಿಟ್ಟರೆ ಗಡಿಯಾರದ ಭಾರವೆಲ್ಲ ಅದರ ಮೇಲೆಯೇ. (ಸಿಡಿಲಿಗೆ ಯಂತ್ರವೇ ಹೋಗುವುದಕ್ಕಿಂತ ಬಿಲ್ಲೆ ಹೋಗುವುದು ಲೇಸು, ನಮ್ಮ ರೂಢಿಯನ್ನು ನಾನು ಬಿಡುವುದಿಲ್ಲ.) ಬಿಲ್ಲೆ ಸತ್ತರೆ ಯಂತ್ರವು ತಾನು ಹುಟ್ಟಿದ ಕಾಲದ ಆಸುಪಾಸಿನ ಒಂದು ದಿನಾಂಕಕ್ಕೆ ಹಿಂದಿರುಗುತ್ತದೆ.

ಅದಕ್ಕೂ ಅಂಚೆಗೂ ಏನು ಸಂಬಂಧ? ಅಂಚೆಯ ತಾಣವು ನಮ್ಮ ಬ್ರೌಸರಿಗೆ ಮೊದಲು ತೋರಿಸುವುದು ತನ್ನ ಗುರುತಿನ ಪ್ರಮಾಣಪತ್ರವನ್ನು. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತವೆಂದು ಬರೆದಿರುತ್ತದೆ. ಈಚಿನ ವರ್ಷಗಳಲ್ಲಿ ಅದರ ಆಯುಸ್ಸು ಹೆಚ್ಚೆಂದರೆ ಸುಮಾರು ಒಂದು ವರ್ಷ. ಅದಕ್ಕಿಂತ ಕಡಿಮೆಯದೂ ಬಹಳ. 2009ರಲ್ಲಿ ಬದುಕುತ್ತಿರುವ ಯಂತ್ರಕ್ಕೆ ಅದು ಇನ್ನೂ ಹುಟ್ಟದ ಪತ್ರ. ಮುಂದಿನ ವರ್ಷದ ದಿನಾಂಕವಿರುವ ವರ್ಗಾವಣಾ ಪತ್ರವನ್ನು ಹಿಡಿದುಕೊಂಡು ಬಂದ ಬಾಲಕನನ್ನು ನಾನು ತರಗತಿಗೆ ಸೇರಿಸಿಕೊಳ್ಳುತ್ತಿದ್ದೆನೆ? ಯಂತ್ರವು ಮಾಡಿದ್ದು ಸರಿಯಾದ ಕೆಲಸವನ್ನೇ. ಐವತ್ತು ರೂಪಾಯಿಯ ಬಿಲ್ಲೆಯನ್ನು ತಂದು, ವಿದ್ಯುತ್ ಸಂಪರ್ಕವನ್ನು ತಪ್ಪಿಸಿ ಪೆಟ್ಟಿಗೆಯನ್ನು ತೆರೆದು ಹಾಕಿದೆವು. ದಿನಾಂಕವನ್ನೂ ಸಮಯವನ್ನೂ ಸರಿಪಡಿಸಿದೆವು. ಆ ಇಂಗ್ಲಿಷ್ ವಾಕ್ಯ ಮತ್ತೆ ಕಾಣಿಸಲಿಲ್ಲ.

ಆದರೂ ಅಂಚೆ ತೆರೆಯಲಿಲ್ಲ. ಪುಟದ ಅರ್ಧ ಮೂಡಿ ನಿಂತೇಬಿಟ್ಟಿತು. ಇದು ಬೇರೆಯೇ ರೋಗ. ಇಂದಿನ ಮಿಂಚಂಚೆಯ ಪುಟವು ಓದುವ ಹಾಳೆಯಲ್ಲ. ನಮ್ಮ ಯಂತ್ರದೊಳಕ್ಕೆ ಬಂದು ಕುಳಿತು ಓಡಬೇಕಾದ ದೊಡ್ಡದೊಂದು ತಂತ್ರಾಂಶ. ಹಳೆಯ ಬ್ರೌಸರಿಗೆ ಅದರ ಭಾಷೆ ಅರ್ಥವಾಗದು. ಜೀಮೇಲಿನಲ್ಲಿ ಹಿಂದೆ ಇದ್ದ ಸರಳ ರೂಪದ ಪುಟವೂ 2024ರಲ್ಲಿ ನಿಂತಿತು. ಹಳೆಯ ಸಂಗ್ರಹವನ್ನು ಅಳಿಸಿ ನೋಡಿದೆವು, ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿದೆವು, ಫಲವಿಲ್ಲ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯ ಆವೃತ್ತಿ, ಕೊನೆಯ ಫೈರ್‌ಫಾಕ್ಸ್ 115ನೆಯದು, ಎರಡೂ 2023ರವು. ಫೈರ್‌ಫಾಕ್ಸನ್ನು ಹಾಕಿದಾಗ ಪೆಟ್ಟಿಗೆ ತೆರೆಯಿತು, ಆಮೆಯ ನಡಿಗೆಯಲ್ಲಿ.

ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ದೊರೆಯುತ್ತಿದ್ದ ಭದ್ರತೆಯ ತಿದ್ದುಪಡಿಗಳು 2020ರ ಜನವರಿ 14ಕ್ಕೇ ಮುಗಿದಿದ್ದುವು. ಬೀಗವಿಲ್ಲದ ಮನೆಯಲ್ಲಿ ಅನ್ಯರ ಓಲೆಗಳನ್ನು ಇಟ್ಟುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಕೇರಳದ ಶಾಲೆಗಳು ಬಹುಕಾಲದಿಂದ ಲಿನಕ್ಸನ್ನೇ ಬಳಸುತ್ತಿವೆ. ಬಾಲಕಿಗೆ ಅದು ಕೈವಶ. ನನ್ನ ಬರಹಗಳನ್ನೆಲ್ಲ ಮೊದಲು ಪೆನ್‌ಡ್ರೈವಿಗೆ ತುಂಬಿಕೊಂಡು, ಇನ್ನೊಂದು ಪೆನ್‌ಡ್ರೈವಿನಿಂದ ಹಗುರವಾದ ಲಿನಕ್ಸೊಂದನ್ನು ಸುಮ್ಮನೆ ಓಡಿಸಿ ಪರೀಕ್ಷಿಸಿ, ಅಂತರ್ಜಾಲವೂ ಕನ್ನಡ ಅಕ್ಷರಗಳೂ ಸರಿಯಿವೆಯೆಂದು ಖಚಿತವಾದ ಬಳಿಕವೇ ಅದನ್ನು ಸ್ಥಾಪಿಸಿದೆವು. ಈ ಅನುಕ್ರಮವನ್ನು ಯಾರೂ ತಪ್ಪಿಸಬಾರದು. ಸ್ಥಾಪಿಸಿದ ಮೇಲೆ ಹಳೆಯ ಬರಹಗಳನ್ನು ಹುಡುಕಿದರೆ ಸಿಗಲಾರವು.

ಒಂದು ತೊಡಕು ಉಳಿದಿತ್ತು. ಮುಂಬಯಿಯಿಂದ ಬಂದ ಲೇಖನವೊಂದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲದೆ ಬರಿಯ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದು ಯಂತ್ರದ ದೋಷವಲ್ಲ. ಯೂನಿಕೋಡಿಗಿಂತ ಹಿಂದಿನ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಬರಹ. ಪರಿವರ್ತಕ ತಂತ್ರಾಂಶದ ಮೂಲಕ ಹಾಯಿಸಿದಾಗ ಸುಂದರ ಕನ್ನಡವಾಗಿ ಹೊರಬಂತು. ಒತ್ತಕ್ಷರಗಳನ್ನಷ್ಟೇ ನಾನು ತಿದ್ದಬೇಕಾಯಿತು.

ಗಡುವಿಗೆ ನಾಲ್ಕು ದಿನ ಮೊದಲು ಹನ್ನೊಂದು ಓಲೆಗಳೂ ತೆರೆದುವು. ಮೊದಲ ತಂಡದ ಚಿತ್ರವನ್ನು ಈ ಸಂಚಿಕೆಯ ಆರಂಭದಲ್ಲಿ ಅಚ್ಚುಮಾಡಿದೆ. ಮೂವತ್ತೊಂದು ಮಕ್ಕಳ ಪೈಕಿ ಇಪ್ಪತ್ತೊಂಬತ್ತು ಮಂದಿಯ ಹೆಸರು ದೊರೆತಿದೆ. ಎರಡನೆಯ ಸಾಲಿನಲ್ಲಿ ಎಡದಿಂದ ನಾಲ್ಕನೆಯವನಾಗಿ ಕೈಕಟ್ಟಿ ನಿಂತಿರುವ ಬಾಲಕನನ್ನೂ, ಅವನ ಹೆಗಲಿನ ಹಿಂದೆ ಅರ್ಧ ಮುಖವಷ್ಟೇ ಕಾಣುವ ಬಾಲಕಿಯನ್ನೂ ಗುರುತಿಸಬಲ್ಲವರು ಶಾಲೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕೆಂದು ವಿನಂತಿಸುತ್ತೇನೆ. ಮಿಂಚಂಚೆಯಾದರೂ ಅಡ್ಡಿಯಿಲ್ಲ, ಈಗ ತೆರೆಯುತ್ತದೆ.