ಮನಿ ಮಾರಾಟಕ್ಕೆ ಇಡಿಗಂಟು ದಲ್ಲಾಳಿ

ಮೋರಟಗಿಯ ಮನೆ ಮಾರೋಣ ಅಂತ ಅವ್ವನೇ ಮಾತು ತೆಗೆದಳು. ಅಪ್ಪ ಹೋದ ಮೇಲೆ ಅಕಿ ನನ್ನ ಜೊತೆ ಬೆಂಗಳೂರಿನಲ್ಲಿದ್ದಾಳೆ, ಅಲ್ಲಿ ಬೀಗ.

ಮೊದಲು ಕೇಳಿದ ದಲ್ಲಾಳಿ ನೂರಕ್ಕೆ ಎರಡು ಅಂದರು. 18 ಲಕ್ಷ ಬಂದರೆ 36 ಸಾವಿರ! ಸಿಂದಗಿಯ ಇನ್ನೊಬ್ಬರು, "ಎಷ್ಟಕ್ಕರ ಹೋಗ್ಲಿ, ನನಗ 10 ಸಾವಿರ ಕೊಡ್ರಿ ಸಾಕು" ಅಂದರು. ಒಪ್ಪಿದೆವು. ಗಿರಾಕಿ ತರೋದಷ್ಟೇ ಅವರ ಕೆಲಸ. ಕಾಗದಪತ್ರ, ಚೌಕಾಶಿ ನಮ್ಮದು.

ಕಾಗದದ್ದೇ ದೊಡ್ಡ ಓಡಾಟ. ಮನೆ ಇನ್ನೂ ಅಪ್ಪನ ಹೆಸರಲ್ಲಿತ್ತು. ಹಳ್ಳಿ ಮನೆ ನೋಂದಣಿಗೆ ಇ-ಸ್ವತ್ತಿನ ನಮೂನೆ ಬೇಕು. ವಾರಸುದಾರರ ಹೆಸರು ಏರಿಸಲು ಮೂರು ಸಲ ರಜೆ ಹಾಕಿ ಪಂಚಾಯಿತಿಗೆ ಹೋದೆ. (ಬಸ್ ಚಾರ್ಜು ನೆನೆಸಿಕೊಂಡರೆ ಉಳಿದದ್ದು ಅಷ್ಟಕ್ಕಷ್ಟೇ.) ಇಸಿಗೆ ಮಾತ್ರ ಕಾವೇರಿ 2.0ರಲ್ಲಿ ಕುಳಿತಲ್ಲೇ ಅರ್ಜಿ ಹಾಕಿದೆ.

ಮೊದಲ ಗಿರಾಕಿ 16 ಲಕ್ಷಕ್ಕೆ ಕೇಳಿದ. "ಕೊಟ್ಟುಬಿಡ್ರಿ ಅಕ್ಕಾರ" ಅಂದರು ದಲ್ಲಾಳಿ. ಅನ್ನದೆ ಏನು? ಬೆಲೆ ಏರಿದರೂ ಅವರಿಗೆ ಅದೇ 10 ಸಾವಿರ. ಶೇಕಡಾ ತಗೊಳ್ಳೋರೂ ಬಹಳ ಬಡಿದಾಡೋದಿಲ್ಲ ಅನ್ನಿ. ಲಕ್ಷ ಹೆಚ್ಚು ಬಂದರೆ ಅವರ ಪಾಲು ಎರಡೇ ಸಾವಿರ.

ಅವ್ವ ಅಲ್ಲಾಡಲಿಲ್ಲ. "ಜಂತಿ ನೋಡ್ರಿ, ಸಾಗವಾನಿ. ಒಂದಕ್ಕೂ ಗೆದ್ದಲ ಹತ್ತಿಲ್ಲ. ಇವರಪ್ಪ ಒಂದೊಂದ ಆರಿಸಿ ತಂದಾರ."

ಎರಡು ತಿಂಗಳಾದ ಮೇಲೆ ಅದೇ ಗಿರಾಕಿ ಹದಿನೇಳೂವರೆಗೆ ಬಂದ. ಅವ್ವ, ನಾನು, ತಂಗಿ ಮೂವರೂ ಸಿಂದಗಿಯ ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಕೊಟ್ಟೆವು. ಹೊರಗೆ ಬಂದು ಅವ್ವ ದಲ್ಲಾಳಿಗೆ 10 ಸಾವಿರ ಎಣಿಸಿ ಕೊಟ್ಟು, ಮೇಲೊಂದು ಟಾವೆಲ್ ಹೊದಿಸಿದಳು. ಚಹಾ ಅವರೇ ಕುಡಿಸಿದರು.